ಕಂಬಕ್ಕೆ ಸುತ್ತಿದ ಕೌದಿ

ಕೊಟ್ಟೂರಿನ ಬಸ್ ನಿಲ್ದಾಣದಿಂದ ನನ್ನ ಗಂಡನ ಮನೆಯವರ ಹಳೆಯ ಓಣಿಗೆ ನಡೆದು ಹೋಗುವಾಗ, ಓಣಿಯ ತಿರುವಿನಲ್ಲೇ ಅತ್ತೆಯ ಕೌದಿ ನನ್ನ ಕಣ್ಣಿಗೆ ಬಿತ್ತು. ಅದು ಹಗ್ಗದ ಮೇಲೆ ಒಣಗುತ್ತಿರಲಿಲ್ಲ. ಹೊಸದಾಗಿ ಏಳುತ್ತಿದ್ದ ಮನೆಯ ಮುಂದಿನ ಸಿಮೆಂಟ್ ಕಂಬಕ್ಕೆ ಅದನ್ನು ಸುತ್ತಿ, ತಂತಿಯಿಂದ ಬಿಗಿದು ಕಟ್ಟಿದ್ದರು. ಗಾರೆ ಕೆಲಸದವನೊಬ್ಬ ಪೈಪು ಹಿಡಿದು ಅದಕ್ಕೆ ನೀರು ಬಿಡುತ್ತಿದ್ದ. ಹೊಸ ಕಂಬ ಗಟ್ಟಿಯಾಗಲಿ ಅಂತ ಎಲ್ಲರೂ ಗೋಣಿಚೀಲ ಸುತ್ತಿ ನೀರು ಹಿಡಿಸುತ್ತಾರೆ. ಇವರು ಕೌದಿ ಸುತ್ತಿದ್ದರು. ಪಕ್ಕದ ಕಂಬಕ್ಕೂ ಇನ್ನೊಂದು.

ಅತ್ತೆ ತೀರಿಕೊಂಡು ಆಗಷ್ಟೇ ವರ್ಷವಾಗಿತ್ತು. ಬದುಕಿದ್ದಷ್ಟು ದಿನ ಅವರು ಕೈಯಲ್ಲಿ ಸೂಜಿಯಿಲ್ಲದೆ ಸುಮ್ಮನೆ ಕೂತಿದ್ದನ್ನು ನಾನು ಕಂಡಿಲ್ಲ. ಉಟ್ಟು ಸವೆದ ಸೀರೆ, ಹರಿದ ಧೋತರ, ಮಕ್ಕಳಿಗೆ ಸಣ್ಣದಾದ ಅಂಗಿ, ಏನೇ ಸಿಕ್ಕರೂ ತೊಳೆದು, ಹರಿದು, ಪದರದ ಮೇಲೆ ಪದರ ಹಾಸಿ ಹೊಲಿಯುತ್ತಿದ್ದರು. ಮದುವೆಯಾಗಿ ಬಂದಾಗ ನನಗೆ ಅಂಗಿಗೆ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಂಚಿನಿಂದ ಒಳಗ ಬಾ. ನಡುವಿನಿಂದ ಹೊರಗ ಹೋದ್ರ ಅರಿವಿ ಮುದ್ದಿ ಆಗ್ತೈತಿ" ಅಂತ ಕೈ ಹಿಡಿದು ಕಲಿಸಿದರು. ನನ್ನ ತಾಯಿಗೆ ಅಷ್ಟು ತಾಳ್ಮೆ ಇರಲಿಲ್ಲ. ನನ್ನ ಮೊದಲ ಕೌದಿಯ ಹೊಲಿಗೆ ಹಾವು ಹರಿದಂತೆ ಸೊಟ್ಟಗಿತ್ತು. ಅತ್ತೆ ಅದನ್ನೂ ಬಿಚ್ಚಲಿಲ್ಲ, ತಾವೇ ಹೊದ್ದುಕೊಂಡು ಮಲಗಿದರು.

ಗಂಡನಿಗೆ ಹರಪನಹಳ್ಳಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ನಾವು ಬಾಡಿಗೆ ಮನೆಗೆ ಹೋದಾಗ, ಅತ್ತೆ ನನಗೆಂದು ತೆಗೆದಿಟ್ಟ ಸಾಮಾನು ಕೊಟ್ಟೂರಲ್ಲೇ ಉಳಿಯಿತು. ಎರಡು ಕೌದಿ, ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ, ಮತ್ತೆ ಮನೆಯ ಮಕ್ಕಳೆಲ್ಲ ಮಲಗಿ ಬೆಳೆದ ಮರದ ತೊಟ್ಟಿಲು. ಅತ್ತೆ ಹೋದ ಮೇಲೆ ಆ ಮನೆಯ ಯಜಮಾನಿಕೆ ನನ್ನ ನೆಗೆಣ್ಣಿಯದಾಯಿತು. ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. "ಸಾಮಾನು ಇಲ್ಲೇ ಇರ್ಲಿ. ಸ್ವಂತ ಮನಿ ಮಾಡಿದ ಮ್ಯಾಲ ಒಯ್ಯಿ. ಎಲ್ಲಿ ಹೊಕ್ಕಾವು ಅವು" ಅಂತ ಅವಳೇ ಹೇಳಿದ್ದಳು. ನಾವು ಮನೆ ಮಾಡಿಕೊಂಡೆವು. ಸಾಮಾನು ಒಯ್ಯಲು ಬರುತ್ತೇನೆ ಅಂತ ಹಿಂದಿನ ವಾರವೇ ಫೋನ್ ಮಾಡಿ ತಿಳಿಸಿದ್ದೆ. ಆಯಿತು ಅಂದಿದ್ದಳು.

ಕಂಬದ ಹತ್ತಿರ ಹೋಗಿ ಒದ್ದೆ ಕೌದಿಯ ಅಂಚನ್ನು ಮುಟ್ಟಿ ನೋಡಿದೆ. ಅಕ್ಕ ಒಳಗಿನಿಂದ ಬಂದಳು.

"ಅಕ್ಕಾ, ಇವು ಅತ್ತಿ ಕೌದಿ."

"ಹಳೇ ಅರಿವಿ ಅವು. ಇಲಿ ಕಡದಿದ್ದುವು. ಗೋಣಿಚೀಲ ಸಾಲಲಿಲ್ಲ, ಕಟ್ಟಿಸೀನಿ."

"ತೊಟ್ಲು ಎಲ್ಲಿ? ಮಿಷನ್ ಎಲ್ಲಿ?"

"ಗುಜರಿಯವ ಬಂದಿದ್ದ, ಹಾಕೀನಿ. ಹೊಸ ಮನ್ಯಾಗ ಅವನ್ನೆಲ್ಲಾ ಎಲ್ಲಿ ಇಡ್ಲಿ?" ಅಂದವಳು ಗಾರೆಯವನ ಕಡೆ ತಿರುಗಿ ನಕ್ಕಳು. "ನಮ್ಮ ಮನ್ಯಾಗ ಗುಜರಿ ಗಿರಾಕಿ ಒಬ್ಬಾಕಿ ಅದಾಳ ಅಂದಿದ್ದಿಲ್ಲೇನು, ಈಕಿನ ನೋಡಪ್ಪ."

ಅವನು ನಕ್ಕನೋ ಇಲ್ಲವೋ ನೆನಪಿಲ್ಲ. ಅಕ್ಕ ನಕ್ಕಿದ್ದು ನೆನಪಿದೆ. ಆ ನಗುವಿಗೆ ಒಂದಲ್ಲ ಒಂದು ದಿನ ಲೆಕ್ಕ ಚುಕ್ತಾ ಮಾಡುತ್ತೇನೆ ಅಂತ ಅಲ್ಲೇ, ಆ ಬಿಸಿಲಲ್ಲೇ, ನನಗೆ ನಾನೇ ಹೇಳಿಕೊಂಡೆ. ಕಂಬದ ತಂತಿಯನ್ನು ಬರಿಗೈಯಲ್ಲಿ ಬಿಚ್ಚಿದೆ. ಬೆರಳು ಕೊಯ್ದು ರಕ್ತ ಬಂತು. ಗಾರೆಯವನೇ ಇಕ್ಕಳ ತಂದು ಎರಡನೆಯದನ್ನು ಬಿಚ್ಚಿಕೊಟ್ಟ. ಅಕ್ಕ ನೋಡುತ್ತಾ ನಿಂತಿದ್ದಳು. ನೀರು ಕುಡಿದು ಹೋಗು ಅಂತಲೂ ಅನ್ನಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್, "ಏನ್ರೀ ಅಮ್ಮ ಇದು, ನೀರು ಸೋರಾಕ ಹತ್ತೈತಿ" ಅಂದ. "ನಮ್ಮ ಅತ್ತಿಯವರು" ಅಂದೆ. ಯಾಕೆ ಹಾಗೆ ಅಂದೆನೋ. ಅವನು ನನ್ನ ಮುಖ ನೋಡಿ ಮುಂದೆ ಹೋದ.

ಮನೆಗೆ ತಂದು ಬಿಚ್ಚಿ ಹಾಸಿದರೆ ಒಂದು ಕೌದಿ ಪೂರಾ ಹೋಗಿತ್ತು. ಮೇಲಿನಿಂದ ಇಳಿದ ಸಿಮೆಂಟಿನ ಹಾಲು ಕುಡಿದು ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ಮಡಚಿದರೆ ಬಟ್ಟೆಯೇ ಮುರಿಯುತ್ತಿತ್ತು. ಇನ್ನೊಂದು ಅರ್ಧ ಉಳಿದಿತ್ತು. ಅದನ್ನು ಹುಣಸೆಹಣ್ಣು ಕಿವುಚಿದ ನೀರಲ್ಲಿ ನೆನೆಹಾಕಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅಂಗೈಯಗಲ ಅಂಗೈಯಗಲವಾಗಿ ಉಜ್ಜಿದೆ. ಒಂದೊಂದೇ ತುಂಡು ಸಿಮೆಂಟಿನ ಕೆಳಗಿನಿಂದ ಹೊರಗೆ ಬಂತು: ಅತ್ತೆ ಹಬ್ಬಕ್ಕೆ ಉಡುತ್ತಿದ್ದ ಇಳಕಲ್ಲು ಸೀರೆಯ ಕೆಂಪು, ಮಾವನ ಧೋತರದ ಅಂಚು, ನನ್ನ ಗಂಡನ ಶಾಲೆಯ ಅಂಗಿಯ ನೀಲಿ. ಗಂಡ ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡು, ಆಕಿ ಬುದ್ಧಿ ಹಂಗ ಐತಿ" ಅಂದರು. ನಾನು ಬಿಡುವವಳಾಗಿರಲಿಲ್ಲ. ಅದನ್ನು ಅವರಿಗೆ ಹೇಳುವ ಅಗತ್ಯವಿದೆ ಅಂತ ಅನ್ನಿಸಲಿಲ್ಲ.

ಕೈ ವಾಸಿಯಾದ ಮೇಲೆ ಗುಜರಿ ಅಂಗಡಿಗಳನ್ನು ಸುತ್ತಲು ಶುರು ಮಾಡಿದೆ. ಕೊಟ್ಟೂರಿನ ಗುಜರಿಯವನು ಮಾಲನ್ನೆಲ್ಲ ಕೂಡ್ಲಿಗಿಗೆ ಸಾಗಿಸಿದ್ದ. ಕೂಡ್ಲಿಗಿಯಲ್ಲಿ ಒಂದು ಅಂಗಡಿಯ ಹಿಂದೆ, ತಗಡುಗಳ ರಾಶಿಯ ಪಕ್ಕ, ತೊಟ್ಟಿಲು ಸಿಕ್ಕಿತು. ಅದರ ತುಂಬ ಖಾಲಿ ಬಾಟಲಿ ತುಂಬಿಟ್ಟಿದ್ದರು. ಕಡೆದ ಮರದ ಕಂಬಿಗಳಲ್ಲಿ ಕೆಲವು ಮುರಿದಿದ್ದವು, ಒಂದು ಕಾಲು ಸೀಳಿತ್ತು. ಆದರೂ ತಲೆಯ ಕಡೆ ಕೆತ್ತಿದ ಜೋಡಿ ಗಿಳಿ ಹಾಗೇ ಇದ್ದವು. ಹೊಲಿಗೆ ಯಂತ್ರಕ್ಕಾಗಿ ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣದ ಹತ್ತಿರದ ಅಂಗಡಿಗಳನ್ನೂ ಬಿಡಲಿಲ್ಲ. ಸಿಗಲಿಲ್ಲ. ಬೀಡು ಕಬ್ಬಿಣ ಅಂತ ಒಡೆದು ಲಾರಿಗೆ ಹಾಕಿರುತ್ತಾರೆ ಅಂದರು. ಅದನ್ನೂ ಅಕ್ಕನ ಖಾತೆಗೆ ಬರೆದುಕೊಂಡೆ.

ಆ ಓಡಾಟದಲ್ಲಿ ನನ್ನ ಕಣ್ಣಿಗೆ ಬೇರೆ ಸಾಮಾನೂ ಬೀಳತೊಡಗಿತು. ಗಾಜು ಒಡೆದ ಕಂದೀಲು, ಬೀಗವಿಲ್ಲದ ತಗಡಿನ ಟ್ರಂಕು, ಯಾರದೋ ಅಜ್ಜಿಯ ಅಡಕೊತ್ತು. ಒಂದೊಂದನ್ನೇ ಮನೆಗೆ ತಂದೆ. ನಮ್ಮ ಓಣಿಯ ಕೊನೆಯಲ್ಲಿ ಒಬ್ಬರು ವಯಸ್ಸಾದ ಬಡಗಿ ಇದ್ದರು. ಓಣಿಯವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು. ತೊಟ್ಟಿಲನ್ನು ಅವರ ಮುಂದಿಟ್ಟೆ.

"ಇದನ್ನ ಯಾರವ್ವ ಹಿಂಗ ಮಾಡಿದೋರು?" ಅಂತ ಕೇಳಿದರು.

"ಬಂಧುಗಳು" ಅಂದೆ.

"ನಾನು ರಿಪೇರಿ ಮಾಡ್ತೀನಿ. ಆದ್ರ ಬಣ್ಣ ನೀನ ಕೆರೀಬೇಕು. ನನ್ನ ಭುಜ ನಡಿಯಂಗಿಲ್ಲ."

ವರ್ಷವರ್ಷವೂ ಬಳಿದ ಎಣ್ಣೆಬಣ್ಣ ಅದರ ಮೇಲೆ ಕೂತಿತ್ತು. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಾವಿ. ಅಡುಗೆ ಮುಗಿಸಿ ಹಿತ್ತಲಲ್ಲಿ ಕೂತು ಕೆರೆಯುತ್ತಿದ್ದೆ. ಒಂದೊಂದು ಸಲ ಉಜ್ಜುವಾಗಲೂ ಅಕ್ಕನಿಗೆ ಹೇಳಬೇಕಾದ ಮಾತು ಬಾಯಲ್ಲಿ ಬರುತ್ತಿತ್ತು. ಎಂಥೆಂಥ ಮಾತು ಜೋಡಿಸಿದ್ದೆನೋ, ಈಗ ನೆನೆದರೆ ನನಗೇ ಆಶ್ಚರ್ಯ. ಸಿಟ್ಟಿನಲ್ಲಿ ಕೆಲಸ ಕೆಡುತ್ತದೆ ಅಂತಾರೆ. ನನ್ನ ಕೆಲಸ ಕೆಡಲಿಲ್ಲ, ಚೊಕ್ಕವಾಯಿತು. ಮರ ಬೆತ್ತಲಾದ ಮೇಲೆ ಚಾಚಾ ಮುರಿದ ಕಂಬಿಗಳನ್ನು ಹೊಸದಾಗಿ ಕಡೆದು ಕೂರಿಸಿದರು, ಅರಗಿನ ಪಾಲಿಶ್ ಹಚ್ಚುವುದನ್ನು ನನಗೆ ಕಲಿಸಿದರು. ಈಗಿನ ಮನೆಗಳಲ್ಲಿ ತೊಟ್ಟಿಲು ತೂಗುಹಾಕಲು ತೊಲೆ ಇರುವುದಿಲ್ಲ ಅಂತ ಯಾರೋ ಎಸೆದಿದ್ದ ಉಯ್ಯಾಲೆಯ ಕಬ್ಬಿಣದ ಚೌಕಟ್ಟನ್ನು ಬೆಸುಗೆ ಹಾಕಿಸಿ ಅದಕ್ಕೆ ಸ್ಟ್ಯಾಂಡು ಮಾಡಿಕೊಟ್ಟರು. ಉಳಿದ ಅರ್ಧ ಕೌದಿಯನ್ನು ಕತ್ತರಿಸಿ, ಅಂಚು ಕಟ್ಟಿ, ತೊಟ್ಟಿಲ ಅಳತೆಗೆ ಹೊಲಿದೆ. ಒಂದು ಮೂಲೆಯಲ್ಲಿ ಸಿಮೆಂಟಿನ ಬೂದು ಕಲೆಯೂ, ಅದರ ಸುತ್ತ ತಂತಿಯ ತುಕ್ಕಿನ ಗೆರೆಯೂ ಉಳಿದಿದ್ದವು. ಆ ತುಂಡನ್ನು ಬಿಟ್ಟು ಹೊಲಿಯಬಹುದಾಗಿತ್ತು. ಬೇಕೆಂದೇ ಸೇರಿಸಿದೆ.

ಆ ತೊಟ್ಟಿಲಲ್ಲಿ ಮೊದಲು ಮಲಗಿದ್ದು ಚಾಚಾನ ಮೊಮ್ಮಗಳು. ಅದನ್ನು ನೋಡಿದವರು ಕೇಳಿದರು, ಕೊಟ್ಟೆ. ಕೂಡ್ಲಿಗಿ ಕಡೆಯ ಕುರಿ ಸಾಕುವವರ ಮನೆಗೆ ಹೋಯಿತು, ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ಒಬ್ಬರ ಮನೆಗೆ ಹೋಯಿತು. ಮಾರಲಿಲ್ಲ, ಬಾಡಿಗೆಗೂ ಕೊಡಲಿಲ್ಲ. ಒಯ್ದು, ಮಗುವನ್ನು ಹಾಕಿ, ತಂದು ಒಪ್ಪಿಸಬೇಕು, ಅಷ್ಟೇ. ಕಂದೀಲಿಗೆ ಬಲ್ಬು ಕೂರಿಸಿದ್ದು, ಟ್ರಂಕಿನ ಮೇಲೆ ದಿಂಬು ಹೊಲಿದು ಕೂರುವ ಪೀಠ ಮಾಡಿದ್ದು, ಸೀರೆಯ ಅಂಚಿನ ಚೀಲ, ಇವೆಲ್ಲ ಮಾರಾಟಕ್ಕಿದ್ದವು. ಮಧ್ಯಾಹ್ನ ಓಣಿಯ ಹೆಂಗಸರು ಹೊಲಿಯಲು ನಮ್ಮ ಪಡಸಾಲೆಗೆ ಬರತೊಡಗಿದರು. ತೊಟ್ಟಿಲು ಹೋದ ಪ್ರತಿ ಮನೆಯಿಂದ ಫೋಟೊ ತರಿಸಿಕೊಂಡು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದೆ. ಯಾರು ಯಾರು ನೋಡಿದರು ಅಂತ ತೆಗೆದು ನೋಡುತ್ತಿದ್ದೆ. ಅಕ್ಕನ ಹೆಸರು ಪ್ರತಿ ಸಲವೂ ಇರುತ್ತಿತ್ತು. ಒಂದು ಮಾತು ಬರೆದವಳಲ್ಲ. ಅವಳು ನೋಡುತ್ತಿದ್ದಾಳೆ ಅನ್ನುವುದೇ ನನಗೆ ಹಬ್ಬದೂಟವಾಗಿತ್ತು.

ಹೀಗೆ ಕೆಲವು ವರ್ಷ ಹೋದವು. ಅಕ್ಕನ ಮಗಳನ್ನು ಹಡಗಲಿಗೆ ಕೊಟ್ಟಿದ್ದರು. ಆ ಹುಡುಗಿ ಚಿಕ್ಕಂದಿನಿಂದ ನನ್ನ ಕೈಯ ತುತ್ತು ತಿಂದು ಬೆಳೆದವಳು. ಎರಡು ಮನೆಗಳ ನಡುವೆ ಮಾತು ಮುರಿದ ಮೇಲೂ ನನಗೆ ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ. ಅವಳಿಗೆ ಗಂಡು ಮಗುವಾಯಿತು. ಬಾಣಂತನ ಕೊಟ್ಟೂರಿನಲ್ಲಿ. ತೊಟ್ಟಿಲಿಗೆ ಹಾಕುವುದೂ ತವರಲ್ಲೇ, ಆ ಹೊಸ ಮನೆಯ ದೊಡ್ಡ ಹಾಲ್‌ನಲ್ಲಿ, ಅಂತ ಅಕ್ಕ ಊರಿಗೆಲ್ಲ ಹೇಳಿದ್ದಳು. ಅಷ್ಟರಲ್ಲಿ ಅವಳ ಬೀಗತಿ, ಅಂದರೆ ಮಗಳ ಅತ್ತೆ, ಹಂಪಸಾಗರದ ನೆಂಟರ ಮನೆಯಲ್ಲಿ ನಮ್ಮ ತೊಟ್ಟಿಲನ್ನು ನೋಡಿದ್ದರು. ನಮ್ಮ ಮೊಮ್ಮಗನಿಗೂ ಅದೇ ಬೇಕು ಅಂತ ಪಟ್ಟು ಹಿಡಿದರಂತೆ. ವಿಚಾರಿಸಿದರೆ ಅದು ಸೊಸೆಯ ಚಿಗವ್ವನ, ಅಂದರೆ ನನ್ನ, ಮನೆಯದು.

ಅಕ್ಕ ಆ ಕಂಬದ ದಿನದ ನಂತರ ಮೊದಲ ಬಾರಿಗೆ ನನಗೆ ಫೋನ್ ಮಾಡಿದಳು.

"ನಾಳೆ ಬೀಗರನ್ನ ಕರ್ಕೊಂಡು ಬರ್ತೀನಿ. ಹಳೇದು ಏನೂ ಎತ್ತಬ್ಯಾಡ. ಅವರ ಮುಂದ ನನ್ನ ಮರ್ಯಾದಿ ಐತಿ."

"ಬರ್ರಿ ಅಕ್ಕ. ನಿಮ್ಮ ಮನಿ ಇದ್ದಂಗ" ಅಂದೆ. ಎತ್ತುವುದಿಲ್ಲ ಅಂತ ಮಾತ್ರ ಹೇಳಲಿಲ್ಲ.

ಬಂದರು. ಬೀಗತಿ ದಪ್ಪನೆಯ, ನೇರ ಮಾತಿನ ಹೆಂಗಸು. ಬಂದವರೇ ತೊಟ್ಟಿಲ ಹತ್ತಿರ ಹೋಗಿ ಗಿಳಿಗಳ ಮೇಲೆ ಕೈಯಾಡಿಸಿದರು. ಅಕ್ಕ ಬಾಗಿಲ ಹತ್ತಿರದ ಟ್ರಂಕಿನ ಪೀಠದ ತುದಿಯಲ್ಲಿ ಕೂತಳು. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕೊಟ್ಟೆ. ಚಹಾ ಕೊಟ್ಟೆ.

"ಇಂಥದ್ದು ನಿಮಗ ಎಲ್ಲಿ ಸಿಕ್ತು?" ಅಂತ ಬೀಗತಿ ಕೇಳಿದರು.

"ಗುಜರ್ಯಾಗ ಸಿಕ್ತುರಿ."

"ಇಂಥದ್ದನ್ನ ಗುಜರಿಗೆ ಹಾಕೋರು ಯಾರ್ರಿ?"

ನಾನು ಹೇಳಿದೆ. ಧ್ವನಿ ಎತ್ತಲಿಲ್ಲ, ಕಣ್ಣೀರು ಹಾಕಲಿಲ್ಲ. ಒಬ್ಬ ಮುದುಕಿ ಇದ್ದರು, ಜೀವಮಾನವೆಲ್ಲ ಕೌದಿ ಹೊಲಿದರು. ಅವರು ಸತ್ತ ವರ್ಷಕ್ಕೆ ಮನೆಯ ಸೊಸೆ ಆ ಕೌದಿಗಳನ್ನು ಸಿಮೆಂಟ್ ಕಂಬಕ್ಕೆ ಸುತ್ತಿ ನೀರು ಬಿಡಿಸಿದಳು. ತನ್ನ ಮಕ್ಕಳೇ ಮಲಗಿ ಎದ್ದ ತೊಟ್ಟಿಲನ್ನು ಬಾಟಲಿಯವನಿಗೆ ಹಾಕಿದಳು. ಕೌದಿಯ ಮೂಲೆ ಮಡಚಿ ಬೂದು ಕಲೆಯನ್ನು ತೋರಿಸಿದೆ. ಬೀಗತಿ ಅದನ್ನು ಮುಟ್ಟಿ ನೋಡಿದರು.

"ಅತ್ತಿ ಕೌದಿನ ಕಂಬಕ್ಕ ಸುತ್ತಿದ್ಲಾ? ಅದೆಂಥಾ ಹೆಂಗಸವ್ವ ಅದು. ಅಂಥಾಕಿ ಕೈಯಾಗಿನ ನೀರು ಕುಡಿಯಬಾರದು" ಅಂದರು. ಅಕ್ಕ ಬಜ್ಜಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬೀಗತಿ ಇನ್ನೂ ಬಿಡಲಿಲ್ಲ. "ಯಾರ ಮನ್ಯಾಕಿ? ಈ ಕಡೆಯಾಕಿನ?"

ಆ ಕ್ಷಣಕ್ಕಾಗಿಯೇ ನಾನು ಇಷ್ಟು ವರ್ಷ ಮರ ಕೆರೆದಿದ್ದೆ.

"ಅಕ್ಕನ್ನ ಕೇಳ್ರಿ. ಆಕಿಗೆ ಗೊತ್ತೈತಿ" ಅಂದೆ.

ಬೀಗತಿ ತಿರುಗಿ ಅಕ್ಕನ ಮುಖ ನೋಡಿದರು. ಅಕ್ಕ ತಲೆ ಎತ್ತಲಿಲ್ಲ. ಪಡಸಾಲೆಯಲ್ಲಿ ಹೊಲಿಯುತ್ತಿದ್ದ ಹೆಂಗಸರ ಕೈಗಳೂ ನಿಂತವು. ಬೀಗತಿ ಚಹಾ ಲೋಟ ಕೆಳಗಿಟ್ಟು ಎದ್ದರು. "ತೊಟ್ಲು ಕೊಡ್ತೀರೇನು?" ಅಂತ ನನ್ನನ್ನು ಕೇಳಿದರು.

"ಕೊಟ್ಟೂರಿನ ಆ ಮನಿಗೆ ಬಿಟ್ಟು ಎಲ್ಲಿಗೆ ಕೇಳಿದ್ರೂ ಕೊಡ್ತೀನಿ" ಅಂದೆ.

ಅವರು ಹೋದ ಮೇಲೆ ಆ ಸಂಜೆ ಬೇಳೆ ಬೇಯಿಸುತ್ತಾ ನಾನು ಒಬ್ಬಳೇ ನಕ್ಕೆ. ವರ್ಷಗಳ ನಂತರ ಊಟ ರುಚಿಯಾಗಿತ್ತು. ಗಂಡನಿಗೆ ಹೇಳಿದಾಗ ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಇಷ್ಟು ದಿನ ಇದನ್ನ ಹೊಟ್ಟ್ಯಾಗ ಇಟ್ಕೊಂಡು ನನ್ನ ಜೋಡಿ ಬಾಳೇವು ಮಾಡಿಯೇನು?" ಅಂದರು. ಹೌದು ಅಂದೆ. ಅವರು ಎದ್ದು ಕೈ ತೊಳೆದುಕೊಂಡರು.

ಆದರೆ ಆ ಖುಷಿ ಹೆಚ್ಚು ದಿನ ಇರಲಿಲ್ಲ. ಅಕ್ಕನ ಮಗಳು ಫೋನ್ ಮಾಡಿದಳು.

"ಚಿಗವ್ವ, ನೀನು ಅವ್ವಗ ಹೊಡದಿ. ಪೆಟ್ಟು ನನಗ ಬಿತ್ತು."

"ಯಾಕವ್ವ?"

"ನಮ್ಮತ್ತಿ ದಿನಾ ಫೋನ್ ಮಾಡಿ ಅನ್ನಾಕ ಹತ್ಯಾಳ. ನಿಮ್ಮವ್ವನ ಬುದ್ಧಿ ನಿನಗೂ ಬಂದೈತೋ ಏನೋ, ನಾಳೆ ನನ್ನ ಸೀರಿನೂ ಕಂಬಕ್ಕ ಸುತ್ತೀಯಾ ಅಂತಾಳ. ನಾ ಏನು ಮಾಡೀನಿ ಹೇಳು."

ಆ ಹುಡುಗಿ ಏನೂ ಮಾಡಿರಲಿಲ್ಲ. ಅವಳು ಹುಟ್ಟಿದಾಗ ಅದೇ ತೊಟ್ಟಿಲನ್ನು ನಾನೇ ತೂಗಿದ್ದೆ. ನಾನು ಎಸೆದ ಕಲ್ಲು ಅವಳ ಅಂಗಳದಲ್ಲಿ ಹೋಗಿ ಬಿದ್ದಿತ್ತು. ಆದರೆ ಇದಕ್ಕಾಗಿ ಅಕ್ಕನನ್ನು ಕ್ಷಮಿಸಿಬಿಡಬೇಕು ಅಂತ ಮಾತ್ರ ನನಗೆ ಅನ್ನಿಸಲಿಲ್ಲ. ಒಂದು ದಿನ ಯೋಚನೆ ಮಾಡಿದೆ. ಮರುದಿನ ಹಡಗಲಿಯ ಬಸ್ಸು ಹತ್ತಿ ಬೀಗತಿಯ ಮನೆಗೇ ಹೋದೆ.

"ಸೊಸಿಗೆ ಒಂದು ಮಾತು ಅನಬ್ಯಾಡ್ರಿ. ಆಕಿಗೆ ಸೂಜಿ ಹಿಡಿಯೋದು ಕಲಿಸಿದಾಕಿ ನಾನು. ತೊಟ್ಲಿಗೆ ಹಾಕೋದನ್ನ ಇಲ್ಲೇ ನಿಮ್ಮ ಮನ್ಯಾಗ ಮಾಡ್ರಿ. ತೊಟ್ಲು ನಾನ ತಂದು ಕಟ್ಟಿಕೊಡ್ತೀನಿ" ಅಂದೆ.

"ತವರಾಗ ಮಾಡೋದು ಪದ್ಧತಿ ಅಲ್ಲೇನು?"

"ಪದ್ಧತಿ ನಿಮ್ಮ ಕೈಯಾಗ ಐತ್ರಿ."

ನನ್ನ ಹೊಟ್ಟೆಯಲ್ಲಿ ಏನಿದೆ ಅಂತ ಅವರಿಗೆ ಅರ್ಥವಾಗಿತ್ತು ಅಂತ ನನ್ನ ನಂಬಿಕೆ. ಒಪ್ಪಿದರು. ಸೊಸೆಯ ಮೇಲಿನ ಮಾತೂ ನಿಂತಿತು. ಹುಡುಗಿಯೇ ಆಮೇಲೆ ಹೇಳಿದಳು. ಕೊಟ್ಟೂರಿನ ಹಾಲ್‌ಗೆ ತರಿಸಿದ್ದ ಪೆಂಡಾಲಿನ ಸಾಮಾನು ವಾಪಸ್ಸು ಹೋಯಿತು.

ಆ ದಿನ ಹಡಗಲಿಯ ಮನೆ ತುಂಬಿತ್ತು. ತೊಟ್ಟಿಲನ್ನು ಬೆಳಿಗ್ಗೆಯೇ ಲಗೇಜ್ ಆಟೊದಲ್ಲಿ ಒಯ್ದು, ಸ್ಟ್ಯಾಂಡಿಗೆ ಸರಪಳಿ ಸಿಕ್ಕಿಸಿ, ಮಲ್ಲಿಗೆ ದಂಡೆ ಸುತ್ತಿ ಸಜ್ಜು ಮಾಡಿದ್ದೆ. ಬೀಗತಿ ನನ್ನನ್ನು ತೊಟ್ಟಿಲ ಪಕ್ಕದಲ್ಲೇ ಕೂರಿಸಿಕೊಂಡರು. ಅಕ್ಕ ಎಲ್ಲರಂತೆ ಹಣ್ಣಿನ ತಟ್ಟೆ ಹಿಡಿದು, ನೆಂಟಳಾಗಿ, ಬಾಗಿಲಿಂದ ಒಳಗೆ ಬಂದಳು. ಒಬ್ಬರು ಅವಳಿಗೆ ಕೂರಲು ಚಾಪೆ ತೋರಿಸಿದರು.

"ಹಾಸಿಗಿ ತಾಯಿ ಕಡೆ ಅಜ್ಜಿ ಹಾಸಬೇಕು" ಅಂತ ಹಿರಿಯಳೊಬ್ಬಳು ಕರೆದಳು. ಅಕ್ಕ ಎದ್ದು ಬಂದಳು. ಕೌದಿಯನ್ನು ನಾನೇ ಅವಳ ಕೈಗೆ ಕೊಟ್ಟೆ. ಬಿಚ್ಚಿದಳು. ಬೂದು ಕಲೆ ಕಂಡಿತು. ಆ ಮೂಲೆಯನ್ನು ಒಳಗೆ ಮಡಚಲು ನೋಡಿದಳು. ನಾನು ಬಗ್ಗಿ ಅದನ್ನು ಹೊರಗೆ ಎಳೆದೆ. ಯಾರೂ ಗಮನಿಸಲಿಲ್ಲ. ನಮ್ಮಿಬ್ಬರ ನಡುವೆ ಅಷ್ಟು ಸಾಕಾಗಿತ್ತು. ಅವಳು ಕೈಯಿಂದ ಸುಕ್ಕು ತಿದ್ದಿ, ಹೆಂಗಸರು ತೊಟ್ಟಿಲ ಕೆಳಗಿನಿಂದ ಮೇಲಕ್ಕೆ ದಾಟಿಸಿ ಕೊಟ್ಟ ಮೊಮ್ಮಗನನ್ನು ಅದರ ಮೇಲೆಯೇ ಮಲಗಿಸಿದಳು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದಳು, ಉಳಿದವರು ಅವಳ ಬೆನ್ನಿಗೆ ಗುದ್ದಿ ನಕ್ಕರು. ಹುಡುಗಿ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಆ ನಗು ನೋಡಿ ನನ್ನ ಎದೆ ಸ್ವಲ್ಪ ಸಡಿಲಾಯಿತು ಅನ್ನುವುದು ನಿಜ.

ಊಟವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುವಾಗ ಅಕ್ಕ ನನ್ನ ಪಕ್ಕ ಬಂದು ನಿಂತಳು.

"ಆಕಿ ನಿನಗ ಅತ್ತಿ ಆಗಿದ್ಲು" ಅಂದಳು. "ನನಗ ಏನಾಗಿದ್ಲು ಅಂತ ಯಾವತ್ತರ ಕೇಳಿಯೇನು? ನನ್ನ ಕೈಗೆ ಒಂದು ದಿನ ಸೂಜಿ ಕೊಡಲಿಲ್ಲ. ಕಸಬರಿಗಿ ಕೊಟ್ಲು, ಬೀಸೋ ಕಲ್ಲು ಕೊಟ್ಲು. ನಿನ್ನ ಕೂರಿಸ್ಕೊಂಡು ಹೊಲಿಯೋವಾಗ ಇಬ್ಬರಿಗೂ ಚಾ ಕಾಸಿ ಕೊಟ್ಟಾಕಿ ನಾನು."

ಅದು ನಿಜವಿರಬಹುದು. ಚಹಾ ತಂದಿಟ್ಟು ಹೋಗುವ ಅವಳ ಕೈ ನನಗೆ ನೆನಪಿದೆ, ಮುಖ ನೆನಪಿಲ್ಲ. ಅತ್ತೆ ಅವಳಿಗೆ ಬೇರೆಯೇ ಮನುಷ್ಯಳಾಗಿದ್ದಿರಬಹುದು. ಆದರೆ ನನ್ನ ಮುಂದೆ ನಗುವಾಗ ಅವಳು ಇದನ್ನು ಹೇಳಿರಲಿಲ್ಲ.

"ಇಷ್ಟಕ್ಕ ಸಮಾಧಾನ ಆತೇನು?" ಅಂತ ಕೇಳಿದಳು.

"ಗೊತ್ತಿಲ್ಲಕ್ಕ. ನಾಳೆ ಎದ್ದು ನೋಡಬೇಕು" ಅಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ಮರುದಿನ ಎದ್ದಾಗ ಮೊದಲು ನೆನಪಾಗಿದ್ದು ಅಕ್ಕನಲ್ಲ, ಸರಪಳಿಯ ಒಂದು ಕೊಂಡಿ ಸವೆದದ್ದು. ಅದನ್ನು ಬದಲಿಸದೆ ತೊಟ್ಟಿಲನ್ನು ಮುಂದಿನ ಮನೆಗೆ ಕಳಿಸುವಂತಿರಲಿಲ್ಲ. ಮಾತು ಇವತ್ತಿಗೂ ನಮ್ಮಿಬ್ಬರ ನಡುವೆ ಇಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಅವಳು ಒಂದು ಪಂಕ್ತಿ, ನಾನು ಒಂದು ಪಂಕ್ತಿ. ನಾನು ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮತ್ತೆ ಆ ದಿನ ಬಂದರೂ ಹಾಗೇ ಕೂತು ಹಾಗೇ ಹೇಳುತ್ತೇನೆ. ಬೀಗತಿ ಈಗ ಹಡಗಲಿಯಲ್ಲಿ ತಮ್ಮ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಕೌದಿ ಹೊಲಿಸುತ್ತಾರೆ. ಹೊಲಿಗೆ ತಪ್ಪಿದಾಗೆಲ್ಲ ನನಗೆ ವಿಡಿಯೊ ಕಾಲ್ ಮಾಡುತ್ತಾರೆ. ನಾನು ಕನ್ನಡಕ ಹಾಕಿಕೊಂಡು, ಫೋನನ್ನು ಟ್ರಂಕಿನ ಮೇಲೆ ಆನಿಸಿಟ್ಟು, ಎಲ್ಲಿ ತಪ್ಪಿದರು ಅಂತ ಹುಡುಕುತ್ತೇನೆ.